12 ವರ್ಷ ಇದ್ರ ಬಾಡಗಿದಾರನೇ ಮಾಲಕ ಆಗ್ತಾನಾ? ಸತ್ಯಾಂಶ ನೋಡ್ರಿ

ನಮ್ಮ ಕಲಬುರಗಿ ಗ್ರೂಪ್‌ಗಳಾಗ ಒಂದು ಮೆಸೇಜ್ ಮತ್ತ ಮತ್ತ ಬರ್ಲಕತ್ತದ, ಬಾಡಗಿದಾರ 12 ವರ್ಷ ಒಂದೇ ಮನ್ಯಾಗ ಇದ್ರ ಮನಿ ಅವಂದೇ ಆಗ್ತದ, ಸುಪ್ರೀಂ ಕೋರ್ಟೇ ಹೇಳ್ಯದ ಅಂತ. ಇದು ಖರೇ ಅಲ್ರಿ. ಇದನ್ನ ನಂಬಿ ಚೊಲೋ ಬಾಡಗಿದಾರರನ್ನ ಸುಮ್ನೆ ಖಾಲಿ ಮಾಡ್ಸೋದು ಅನ್ಯಾಯ.

12 ವರ್ಷದ ಮಾತು 1963ರ ಲಿಮಿಟೇಶನ್ ಆಕ್ಟ್‌ದು, ಅಂದ್ರ ದಾವೆ ಹಾಕ್ಲಿಕ್ಕೆ ಗಡುವು ಹೇಳೋ ಕಾನೂನಿಂದು, ಆದ್ರ ಅದು ಮಾಲಕನ ಹಕ್ಕು ಒಪ್ಪದೇ, ಎಲ್ಲರಿಗೂ ಕಾಣೋ ಹಂಗ, ಇದು ನಂದೇ ಅಂತ ಬಿಡದೇ ಕಬ್ಜಾ ಮಾಡ್ಕೊಂಡು ಕೂತವನ ವಿಷಯ. 2019ರ ಸುಪ್ರೀಂ ಕೋರ್ಟ್ ತೀರ್ಪು ಅಂಥ ಕಬ್ಜಾದಾರ ಮಾಲಕತ್ವ ಕೇಳಿ ತಾನೇ ದಾವೆ ಹಾಕಬಹುದು ಅಂದದ, ಅಷ್ಟೇ. ಬಾಡಗಿದಾರ ಒಳಗ ಬಂದಿದ್ದೇ ನಿಮ್ಮ ಪರವಾನಗಿ ಮ್ಯಾಲ, ಅವ ಇರೋತನಕ ಈ ಮನಿ ಮೊದ್ಲೇ ನಿಮ್ಮದಿರಲಿಲ್ಲ ಅಂತ ಕೋರ್ಟಿನಾಗ ವಾದ ಮಾಡ್ಲಿಕ್ಕೇ ಬರಂಗಿಲ್ಲ. ಜೆಸ್ಕಾಂ ಕರೆಂಟ್ ಬಿಲ್ ಅವನ ಹೆಸರಿಗಿದ್ರೂ, ನಾಲ್ಕು ತಿಂಗಳ ಬಾಡಗಿ ಕೊಡದೇ ಇದ್ರೂ ಅಷ್ಟಕ್ಕೇ ಮಾಲಕ ಆಗಂಗಿಲ್ಲ.

ಮತ್ತ 11 ತಿಂಗಳ ಕರಾರು ಯಾಕ? ಒಂದು ವರ್ಷಕ್ಕಿಂತ ಜಾಸ್ತಿ ಅವಧಿದು ಇದ್ರ ರಿಜಿಸ್ಟರ್ ಮಾಡಿಸ್ಲೇಬೇಕು, ಅದನ್ನ ತಪ್ಪಿಸ್ಲಿಕ್ಕೆ ಹಂಗ ಬರಸ್ತಾರ, ಈ 12 ವರ್ಷಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದು ಮಾತ್ರ ಹುಷಾರ್ ಇರ್ರಿ, ನೋಟಿಸ್ ಕೊಟ್ಟು ಬಾಡಗಿ ಸಂಬಂಧ ಮುಗಿಸಿದ ಮ್ಯಾಲ ಮನಿ ವಾಪಸ್ ಕೇಳ್ಲಿಕ್ಕೆ 12 ವರ್ಷದ ಗಡುವು ಅದ, ಹೈದರಾಬಾದಿನಾಗೋ ಪುಣೆದಾಗೋ ಇದ್ದು ಸುಮ್ಮನ ಕೂಡಬ್ಯಾಡ್ರಿ. ಕರಾರು ಬರಸ್ರಿ, ಬಾಡಗಿ ಫೋನ್‌ಪೇನಾಗೋ ಬ್ಯಾಂಕಿಗೋ ಹಾಕಿಸ್ಕೋರಿ, ಆ ದಾಖಲೆ ಇಟ್ಕೋರಿ.