ಸ್ವಾತಿ ಮಳೆಯ ಹನಿ ಮುತ್ತಾಗುತ್ತದಾ?

‘ಸ್ವಾತಿ ಮಳೆಯ ಹನಿ ಬಾಯ್ತೆರೆದ ಸಿಂಪಿಯೊಳಗೆ ಬಿದ್ದರೆ ಮುತ್ತಾಗುತ್ತದೆ’ ಅನ್ನೋ ಫಾರ್ವರ್ಡ್ ಮತ್ತೆ ಬಂದಿದೆ. ಕೇಳೋಕೆ ಚೆಂದ, ಆದರೆ ನಿಜವಲ್ಲ.

ಮುತ್ತಿನ ಸಿಂಪಿ ಇರುವುದು ಸಮುದ್ರದ ತಳದಲ್ಲಿ, ಬಂಡೆಗೆ ಅಂಟಿಕೊಂಡು. ಮಳೆ ಹನಿ ಹನಿಯಾಗೇ ಅಲ್ಲಿಗೆ ತಲುಪೋದು ಹೇಗೆ? ಅದು ಬಾಯ್ತೆರೆಯುವುದು ಉಸಿರಿಗೆ, ಊಟಕ್ಕೆ. ಕಿವಿರುಗಳಲ್ಲಿ ನೀರು ಸೋಸಿ, ಕಣ್ಣಿಗೆ ಕಾಣದ ಪಾಚಿ ತಿನ್ನುತ್ತದೆ. ಸಿಹಿನೀರು ಜಾಸ್ತಿಯಾದರೆ ಚಿಪ್ಪು ಮುಚ್ಚಿಕೊಂಡು ಕೂರುತ್ತದೆ, ಪಾಪ!

ಚಿಪ್ಪಿನೊಳಗೆ ತೆಳ್ಳಗಿನ ಪೊರೆಯಿದೆ. ಪರಾವಲಂಬಿ ಹುಳು ಹೊಕ್ಕಾಗಲೋ, ಪೊರೆಗೆ ಗಾಯವಾದಾಗಲೋ ಅದರ ಜೀವಕೋಶಗಳು ಚೀಲ ಕಟ್ಟಿ, ಪದರದ ಮೇಲೆ ಪದರ ಹೊಳೆಯುವ ಸುಣ್ಣ ಬಳಿಯುತ್ತವೆ. ಅದೇ ಮುತ್ತು. ತೂತುಕುಡಿ ಬಳಿ 1973ರಲ್ಲೇ ವಿಜ್ಞಾನಿಗಳು ಮಣಿಯನ್ನೂ ಪೊರೆಯ ಚೂರನ್ನೂ ಒಳಗಿಟ್ಟು ಮುತ್ತು ಬೆಳೆಸಿದರು, ಯಾವ ನಕ್ಷತ್ರಕ್ಕೂ ಕಾಯದೆ.