ಕಂದು ಲೋಟದ ಮಹಿಮೆ

ಆ ಎರಡು ಲೋಟದ ಆಟವನ್ನು ನೀವೂ ನೋಡಿರುತ್ತೀರಿ. ಒಂದರಲ್ಲಿ ನಿಮ್ಮ ಮನೆ ನೀರು, ಇನ್ನೊಂದರಲ್ಲಿ ಫಿಲ್ಟರ್ ಮಾರುವವರ ಮೆಷಿನ್ ನೀರು. ಎರಡಕ್ಕೂ ಕಡ್ಡಿ ಇಳಿಸಿ ಸ್ವಿಚ್ ಒತ್ತುತ್ತಾರೆ. ನಿಮ್ಮ ಲೋಟ ನೋಡನೋಡುತ್ತಲೇ ಕೊಚ್ಚೆ. ಅವರದ್ದು ಫಳಫಳ. "ನೋಡಿ ಮೇಡಂ, ಇಷ್ಟು ದಿನ ಕುಡಿದಿದ್ದು ಇದನ್ನೇ. ಆರ್ಸೆನಿಕ್ ಎಲ್ಲ ಇರುತ್ತೆ ಇದರಲ್ಲಿ." ಮನೆಯವರು ಹೌಹಾರಿ ದುಡ್ಡು ಎಣಿಸುತ್ತಾರೆ.

ಆ ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಕಬ್ಬಿಣದ ಕಡ್ಡಿಗೆ ಕರೆಂಟ್ ಕೊಟ್ಟರೆ ಅದು ಕರಗಿ ತುಕ್ಕಾಗುತ್ತದೆ. ಮೆಷಿನ್ ನೀರಿನಲ್ಲಿ ಲವಣ ತೀರಾ ಕಮ್ಮಿ. ಕರೆಂಟ್ ಹರಿಯಲ್ಲ, ಕಡ್ಡಿ ಕರಗಲ್ಲ. ಜಾದೂ ಮುಗಿಯಿತು.

ಮಜಾ ಇರುವುದು ಇನ್ನು ಮುಂದೆ. ಆರ್ಸೆನಿಕ್ ತೆಗೆಯಲು ಬಲ್ಲವರು ಬಳಸುವ ದಾರಿಗಳಲ್ಲಿ ಇದೂ ಒಂದು! ತುಕ್ಕಿಗೆ ಆರ್ಸೆನಿಕ್ ಅಂಟಿಕೊಳ್ಳುತ್ತದೆ. ತುಕ್ಕನ್ನು ಸೋಸಿದರೆ ಅದರ ಜೊತೆ ವಿಷವೂ ಹೋಗುತ್ತದೆ. ಎಲೆಕ್ಟ್ರೋಕೊಯಾಗ್ಯುಲೇಶನ್ ಎಂದು ಅದಕ್ಕೊಂದು ಘನವಾದ ಹೆಸರಿದೆ. ನಮ್ಮ ಮಹಾನುಭಾವರು ಗೊತ್ತಿಲ್ಲದೆಯೇ ನಿಮ್ಮ ನೀರಿಗೆ ಚಿಕಿತ್ಸೆ ಕೊಟ್ಟು, ಅದನ್ನು ಸಿಂಕಿಗೆ ಸುರಿದು, ಬಿಲ್ ಬರೆಯುತ್ತಾರೆ.

ಆಮೇಲೆ ಟಿಡಿಎಸ್ ಪೆನ್ನು ಹೊರಬರುತ್ತದೆ. ಅದು ಅಳೆಯುವುದು ಲವಣವನ್ನು, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ವಿಶ್ವ ಆರೋಗ್ಯ ಸಂಸ್ಥೆ ಆರ್ಸೆನಿಕ್‌ಗೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 0.01 ಮಿಲಿಗ್ರಾಂ. ಲಾರಿ ತೂಗುವ ತಕ್ಕಡಿಯಲ್ಲಿ ಸಾಸಿವೆ ಕಾಳು ತೂಗಿದ ಹಾಗೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ವಿಷ ಇದು. ಲ್ಯಾಬಿಗೆ ಕಳಿಸದೆ ಗೊತ್ತಾಗಲ್ಲ. ಆದರೆ ಲ್ಯಾಬಿನ ಚೀಟಿಗೆ ಕಮಿಷನ್ ಇಲ್ಲವಲ್ಲ.

ಕುದಿಸಿ ಕುಡಿಯುತ್ತೇವೆ ಎನ್ನುವವರಿಗೂ ಒಂದು ನಮಸ್ಕಾರ. ಕುದಿಸಿದರೆ ಆವಿಯಾಗುವುದು ನೀರು. ಆರ್ಸೆನಿಕ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಯುವಿ ದೀಪ ಕ್ರಿಮಿ ಕೊಲ್ಲುತ್ತದೆ, ಆದರೆ ಆರ್ಸೆನಿಕ್‌ಗೆ ಜೀವವೇ ಇಲ್ಲ. ಆರ್‌ಓ ಕೆಲಸ ಮಾಡುತ್ತದೆ, ನಿಜ. ಆದರೆ ಆರ್ಸೆನಿಕ್‌ನಲ್ಲಿ ಎರಡು ರೂಪ: ಆರ್ಸೆನಿಕ್-3, ಆರ್ಸೆನಿಕ್-5. ಆರ್ಸೆನಿಕ್-5 ಅನ್ನು ಆರ್‌ಓ ಚೆನ್ನಾಗಿ ತಡೆಯುತ್ತದೆ, ಆರ್ಸೆನಿಕ್-3 ಜಾಸ್ತಿ ನುಸುಳುತ್ತದೆ. ಗಾಳಿಯಾಡದ ಆಳದ ನೀರಿನಲ್ಲಿ ಹೆಚ್ಚಾಗಿ ಇರುವುದು ಆರ್ಸೆನಿಕ್-3. ಮೊದಲು ಕ್ಲೋರಿನ್ ಹಾಕಿದರೆ ಅದು ಆರ್ಸೆನಿಕ್-5 ಆಗುತ್ತದೆ. ಉಳಿದ ಕ್ಲೋರಿನ್ ಆರ್‌ಓ ಪೊರೆಯನ್ನು ಕೆಡಿಸುತ್ತದೆ, ಹಾಗಾಗಿ ಅದನ್ನೂ ಮುಂಚೆಯೇ ತೆಗೆಯಬೇಕು. ಇಷ್ಟನ್ನೆಲ್ಲ ಹೇಳುತ್ತಾ ಕೂತರೆ ಮೆಷಿನ್ ಮಾರುವುದು ಯಾವಾಗ?

ಬಿಡಿ, ಬಡಪಾಯಿ ಸೇಲ್ಸ್‌ಮನ್ನನ್ನು ಮಾತ್ರ ಯಾಕೆ ಬೈಯಬೇಕು. ದೊಡ್ಡವರ ಕಥೆ ಕೇಳಿ. ಬಾಂಗ್ಲಾದೇಶದಲ್ಲಿ ಕೆರೆ ನೀರಿನ ಕ್ರಿಮಿ ತಪ್ಪಿಸಲು ಲಕ್ಷಗಟ್ಟಲೆ ಕೊಳವೆಬಾವಿ ಕೊರೆಸಿದರು. ಒಳ್ಳೆಯ ಉದ್ದೇಶವೇ. ಆದರೆ ಎಷ್ಟೋ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇತ್ತು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನಿಗಳು ಅಲ್ಲಿನ ನೀರು ಪರೀಕ್ಷಿಸಿ ಏನೇನೋ ಅಳೆದರು, ಆರ್ಸೆನಿಕ್ ಒಂದನ್ನು ಬಿಟ್ಟು. ಆ ನೀರು ಕುಡಿದವರು ಹಾಕಿದ ಕೇಸು, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2006ರಲ್ಲಿ ಬಿದ್ದುಹೋಯಿತು. ನೀರು ಕುಡಿದವರ ಬಗ್ಗೆ ಆ ಭೂವಿಜ್ಞಾನಿಗಳಿಗೆ ಕಾನೂನಿನ ಹೊಣೆ ಇರಲಿಲ್ಲವಂತೆ. ಎಂಥ ಅನುಕೂಲ! ಹುಡುಕದಿದ್ದರೆ ಸಿಗಲ್ಲ, ಸಿಗದಿದ್ದರೆ ತಪ್ಪಿಲ್ಲ.

ಆಮೇಲೆ ಪರೀಕ್ಷೆ ಮಾಡಿ ಪಂಪುಗಳಿಗೆ ಬಣ್ಣ ಬಳಿದರು. ವಿಷಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು. ಅಲ್ಲಿನ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ. ಅಂದರೆ 40 ಇರುವ ಪಂಪು ಅಲ್ಲಿ ಹಸಿರು. ಅದೇ ನೀರು 10ರ ಮಿತಿಯ ದೇಶಕ್ಕೆ ಹೋದರೆ ವಿಷ. ಕೆಂಪು ಪಂಪಿನವರು ಬೇರೆ ನೀರು ಎಲ್ಲಿಂದ ತರಬೇಕು? ಬಣ್ಣದ ಡಬ್ಬಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಬಣ್ಣ ಮಾಸಿತು. ಪಂಪು ಒತ್ತಿದರೆ ನೀರು ಬರುತ್ತಲೇ ಇತ್ತು. ಈ ವಿಷದಿಂದ ಅಂಗೈ ಗಂಟುಗಟ್ಟಲು ವರ್ಷಗಳು ಬೇಕು, ಕ್ಯಾನ್ಸರಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ವರದಿ ಬರೆದವರು ನಿವೃತ್ತರಾಗಿರುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾಕಾಗಿ ಹೋಗಿದೆ.

ಇಷ್ಟಾದ ಮೇಲೂ ಫಿಲ್ಟರ್ ಕೊಂಡಿರಾ? ಸಂತೋಷ. ಆರ್ಸೆನಿಕ್ ಹೀರುವ ಕಬ್ಬಿಣದ ಪುಡಿಯೋ, ಅಲ್ಯುಮಿನಾವೋ (ಅಲ್ಯುಮಿನಿಯಂ ಆಕ್ಸೈಡ್) ಒಂದು ದಿನ ತುಂಬಿಹೋಗುತ್ತದೆ. ಅಲ್ಲಿಂದಾಚೆ ವಿಷ ನೇರ ಲೋಟಕ್ಕೆ. ಆಗಾಗ ಲ್ಯಾಬಿಗೆ ಕಳಿಸುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ. ಹಸಿರು ದೀಪ ಉರಿಯುತ್ತಾ ಇದೆಯಲ್ಲ ಅಂತೀರಾ? ಅದು ಮನೆಯಲ್ಲಿ ಕರೆಂಟ್ ಇದೆ ಎಂದು ಹೇಳುತ್ತಿದೆ.