ಕಪಾಟಿನಲ್ಲೇ ಉಳಿದ ಬೆರಳ ಗುರುತಿನ ಯಂತ್ರ

ಇಂದು ಬೆಳಿಗ್ಗೆ ಅತ್ತೆಯವರ ಬಿಪಿ ಮಾತ್ರೆಗಾಗಿ ಉಡುಪಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದರಿಂದ ಮಧ್ಯಾಹ್ನದ ಊಟವೂ ಸೇರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳಿಗೆ ಇಂಥದ್ದನ್ನು ನೋಡಿ ಸುಮ್ಮನಿರಲಾಗದೆಂದು ನಿಮಗೆಲ್ಲ ಗೊತ್ತೇ ಇದೆ.

ಸರದಿಯಲ್ಲಿ ನಮಗಿಂತ ಮುಂದಿದ್ದ ಎಪ್ಪತ್ತು ದಾಟಿದ ಒಬ್ಬ ಅಮ್ಮನಿಗೆ ಆಭಾ ಸಂಖ್ಯೆ, ಅಂದರೆ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಗುರುತಿನ ಸಂಖ್ಯೆ, ಮಾಡಿಸಬೇಕಿತ್ತು. ಆಧಾರ್ ಸಂಖ್ಯೆ ಹಾಕಿದರೆ ಓಟಿಪಿ ಹೋದದ್ದು ಮುಂಬೈಯಲ್ಲಿರುವ ಮಗನ ಮೊಬೈಲಿಗೆ. "ಅವನು ಈಗ ಡ್ಯೂಟಿಯಲ್ಲಿರ್ತಾನೆ ಸಿಸ್ಟರ್, ಫೋನು ತೆಗೆಯುವುದಿಲ್ಲ" ಎಂದು ಆಕೆ ಸಂಕೋಚದಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಸಿಸ್ಟರ್ ಟ್ಯಾಬಿನಲ್ಲಿ ಮೂರು ಸಲ ಪ್ರಯತ್ನಿಸಿದರು. ಹಿಂದಿನವರು ಗೊಣಗತೊಡಗಿದಾಗ ಬಿಪಿಯನ್ನು ಹಳೆಯ ರಿಜಿಸ್ಟರಿನಲ್ಲಿ ಬರೆದು, ಮಾತ್ರೆ ಕೊಟ್ಟು, "ನಂಬರಿಗೆ ಇನ್ನೊಂದು ದಿನ ಬನ್ನಿ ಅಮ್ಮ" ಎಂದು ಕಳುಹಿಸಿದರು.

ಓಟಿಪಿ ಸಿಗದಿದ್ದರೆ ಬೆರಳ ಗುರುತಿನಿಂದ ಅಥವಾ ಮುಖ ಗುರುತಿನಿಂದಲೂ ಆ 14 ಅಂಕಿಯ ಸಂಖ್ಯೆಯನ್ನು ಮಾಡಬಹುದು. ಈ ಸಂಖ್ಯೆ ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾದದ್ದು 2021ರ ಸೆಪ್ಟೆಂಬರಿನಲ್ಲಿ. ಇಷ್ಟು ಸಮಯವಾದರೂ ಹಾಗೊಂದು ದಾರಿಯಿದೆಯೆಂದು ಆ ಸಿಸ್ಟರಿಗೆ ಯಾರೂ ತೋರಿಸಿಕೊಟ್ಟಿಲ್ಲ. ತರಬೇತಿ ಆಗಲಿಲ್ಲವೇ ಎಂದು ಕೇಳಿದೆ. ಆಗಿದೆಯಂತೆ. ಸಭಾಂಗಣದಲ್ಲಿ ನೂರು ಜನರನ್ನು ಕೂರಿಸಿ, ಪರದೆಯ ಮೇಲೆ ಇಂಗ್ಲಿಷ್ ಸ್ಲೈಡುಗಳನ್ನು ಓಡಿಸಿ, ಹಾಜರಿಗೆ ಸಹಿ ಹಾಕಿಸಿಕೊಂಡು ಕಳುಹಿಸಿದ್ದಾರೆ. ಇದನ್ನು ತರಬೇತಿಯೆಂದು ಕರೆಯಲು ನನಗೆ ಬಾಯಿ ಬಾರದು.

ನರ್ಸಿಂಗ್ ಕಲಿಯುವಾಗ ನಮ್ಮ ಕೈಗೆ ಸಿರಿಂಜ್ ಕೊಟ್ಟು ನೇರವಾಗಿ ರೋಗಿಯ ಬಳಿಗೆ ಕಳುಹಿಸಿದ್ದುಂಟೇ? ಮೊದಲು ಬೊಂಬೆಗೆ ಚುಚ್ಚಿದೆವು, ತಪ್ಪಿದೆವು, ಮತ್ತೆ ಚುಚ್ಚಿದೆವು. ಕೈ ಪಳಗಿದ ಮೇಲೂ ಟ್ಯೂಟರ್ ಪಕ್ಕದಲ್ಲೇ ನಿಂತಿದ್ದರು. ಟ್ಯಾಬ್ ವಿಷಯದಲ್ಲಿ ಮಾತ್ರ ತಪ್ಪುವುದಕ್ಕೆ ಒಂದು ಗಂಟೆಯ ಬಿಡುವನ್ನೂ ಕೊಡದೆ, ಮೊದಲ ದಿನವೇ ಐವತ್ತು ರೋಗಿಗಳ ಎದುರು ಕೂರಿಸುತ್ತೇವೆ.

ವಯಸ್ಸಾದ ಸಿಬ್ಬಂದಿಗೆ ಹೊಸತನ್ನು ಕಲಿಯುವ ಮನಸ್ಸಿಲ್ಲ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 2021ರ ಜನವರಿ 16ರಂದು ಕೋವಿಡ್ ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ದಾಖಲಾತಿ ಮಾಡಿದವರು ಇದೇ ಸಿಸ್ಟರುಗಳೇ ಅಲ್ಲವೇ? ಈವರೆಗೆ ಯಾರಿಗೂ ಹೇಳದ ಒಂದು ಮಾತಿದೆ: ಆ ಮೊದಲ ವಾರ ನಾನು ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ. ನಮ್ಮ ಫಾರ್ಮಸಿಸ್ಟ್ ಹುಡುಗ ಎರಡು ಸಂಜೆ ಪಕ್ಕದಲ್ಲಿ ಕುಳಿತು, "ಗಡಿಬಿಡಿ ಬೇಡ ಸಿಸ್ಟರ್, ಇನ್ನೊಮ್ಮೆ ಒತ್ತಿ ನೋಡಿ" ಎನ್ನುತ್ತಾ ಕಲಿಸಿದ. ನನಗೆ ಬೇಕಾಗಿದ್ದದ್ದು ಅಷ್ಟೇ.

ಹೊರಡುವ ಮುನ್ನ ಬೆರಳ ಗುರುತಿನ ಯಂತ್ರ ಬಂದಿದೆಯೇ ಎಂದು ವಿಚಾರಿಸಿದೆ. ಸಿಸ್ಟರ್ ಕಪಾಟು ತೆರೆದು ಪೆಟ್ಟಿಗೆಯೊಂದನ್ನು ತೋರಿಸಿದರು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ಡಾಕ್ಟರರಲ್ಲಿ ಕೇಳಿಕೊಂಡು, ಶನಿವಾರ ಒಪಿಡಿ ಮುಗಿದ ಮೇಲೆ ಬರುತ್ತೇನೆ, ಇಬ್ಬರೂ ಕುಳಿತು ಬಿಚ್ಚಿ ನೋಡೋಣ ಎಂದು ಹೇಳಿ ಬಂದಿದ್ದೇನೆ.